ನೀರಕ್ಕನ ಪ್ರಮಾಣಪತ್ರ

ಪರಿಶೋಧಕಿ ತಮ್ಮ ಕರಡು ವರದಿಯ ಏಳನೆಯ ಪುಟವನ್ನು ಮೇಜಿನ ಮೇಲೆ ತಿರುಗಿಸಿಟ್ಟು, ಪೆನ್ಸಿಲಿನ ತುದಿಯಿಂದ ಒಂದು ಸಾಲನ್ನು ತೋರಿಸಿದರು. ತಂತಿ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು. ಮೊದಲ ಸಲ ಓದಿದಾಗ ಅರ್ಥವಾಗಲಿಲ್ಲ. ಎರಡನೆಯ ಸಲ ಅರ್ಥವಾಯಿತು. ಅರ್ಥವಾದ ಮೇಲೆ ಕಿವಿಯ ತುದಿ ಬಿಸಿಯಾಯಿತು.

‘ಮಾರ್ಚ್ ಹತ್ತರಿಂದ ಮೂವತ್ತೊಂದರವರೆಗೆ ದಿವಂಗತ ಪರೀಕ್ಷಕಿಯು ದಿನಕ್ಕೆ ಎರಡೆರಡು ಬಗೆಯ ಅಳತೆಗಳನ್ನು ದಾಖಲಿಸಿರುತ್ತಾರೆ. ನೀರಿನಲ್ಲಿ ಕ್ಲೋರಿನ್ ಕಡಿಮೆಯಿದ್ದುದನ್ನು ಮುಚ್ಚಿಡಲು ಸುಳ್ಳು ಅಳತೆ ಸೇರಿಸಿರುವುದಾಗಿ ಕಂಡುಬರುತ್ತದೆ.’

ದಿವಂಗತ ಪರೀಕ್ಷಕಿ ಎಂದರೆ ಮೇಷ್ಟ್ರ ಒಡಹುಟ್ಟಿದ ಅಕ್ಕ. ಊರಿಗೆ ನೀರು ಶುದ್ಧಿಮಾಡಿ ಕಳಿಸುವ ಆ ಘಟಕದಲ್ಲಿ ಮೂವತ್ತೆಂಟು ವರ್ಷ ನೀರು ಪರೀಕ್ಷೆ ಮಾಡಿದವಳು. ಗೇಟಿನವನಿಂದ ಹಿಡಿದು ಮುಖ್ಯ ಇಂಜಿನಿಯರರವರೆಗೆ ಎಲ್ಲರಿಗೂ ಅವಳು ನೀರಕ್ಕ. ನಿವೃತ್ತಿಗೆ ಐದು ತಿಂಗಳಿರುವಾಗ, ಏಪ್ರಿಲ್ ಮೂರರ ಬೆಳಗ್ಗೆ, ಕೆಲಸಕ್ಕೆ ಹೊರಡಲೆಂದು ಚಪ್ಪಲಿ ಮೆಟ್ಟುತ್ತಿದ್ದವಳು ಹೊಸ್ತಿಲ ಮೇಲೇ ಕುಳಿತಳು; ಮತ್ತೆ ಏಳಲಿಲ್ಲ. ಈಗ ಜೂನ್ ತಿಂಗಳ ಕೊನೆ.

“ಮೇಡಂ, ಇದು ಸುಳ್ಳು,” ಎಂದರು ಮೇಷ್ಟ್ರು.

“ನೀವು ಅವರ ತಮ್ಮ ಅಂತ ಕೇಳಿದೆ. ನಿಮಗೆ ಬೇಜಾರಾಗೋದು ಸಹಜ.”

“ಬೇಜಾರಲ್ಲ ಮೇಡಂ. ಸುಳ್ಳು ಅಂದೆ.”

ಪರಿಶೋಧಕಿಗೆ ಕೋಪ ಬರಲಿಲ್ಲ. ಮುಖ್ಯ ಕಚೇರಿಯಿಂದ ಬಂದಿದ್ದ ಆಕೆ ಕಾಗದವನ್ನು ಮಾತ್ರ ನಂಬುವವರು. ಬಂದು ಮೂರು ದಿನವಾದರೂ ಘಟಕದ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. “ನೋಡಿ, ಮೂರು ದಿನದಿಂದ ಪೆನ್ಸಿಲಲ್ಲೇ ಬರೀತಿದ್ದೀನಿ. ಪೆನ್ಸಿಲಲ್ಲಿರೋದನ್ನ ಅಳಿಸಬಹುದು. ಶುಕ್ರವಾರ ಮಧ್ಯಾಹ್ನ ಶಾಯಿಯಲ್ಲಿ ಬರೀತೀನಿ. ಆಮೇಲೆ ನನ್ನ ಕೈಲೂ ಆಗಲ್ಲ. ಆ ಅಳತೆಗಳೆಲ್ಲ ನಿಮ್ಮಕ್ಕನ ಟ್ಯಾಬಿನಿಂದಲೇ ಬಂದಿವೆ, ಅವರ ಸರ್ಟಿಫಿಕೇಟಿನ ಮೇಲೇ ಬಂದಿವೆ. ಸರ್ಟಿಫಿಕೇಟು ಇಲ್ಲದೆ ಈ ಘಟಕದ ವೈಫೈಗೆ ಸೊಳ್ಳೆ ಕೂಡ ನುಗ್ಗಲ್ಲ ಅಂತ ಬರೆದುಕೊಟ್ಟೋರು ಯಾರು?”

ಬರೆದುಕೊಟ್ಟವರು ಮೇಷ್ಟ್ರೇ. ಸೊಳ್ಳೆಯ ಮಾತು ಅದರಲ್ಲಿರಲಿಲ್ಲ, ಉಳಿದದ್ದೆಲ್ಲ ಇತ್ತು.

ಅಂದು ಬುಧವಾರ.

ತಂತಿ ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ. ಹರೆಯದಲ್ಲಿ ಟೆಲಿಫೋನ್ ತಂತಿ ಎಳೆಯುತ್ತಿದ್ದವರು. ಆಮೇಲೆ ಕಂಪ್ಯೂಟರಿನ ತಂತಿ ಎಳೆದರು. ಕೊನೆಗೆ ತಂತಿಯೇ ಇಲ್ಲದ ವೈಫೈ ಬಂದಾಗ ಅದನ್ನೂ ಇವರ ತಲೆಗೇ ಕಟ್ಟಿದರು. ಮೊದಲೆಲ್ಲ ಆ ವೈಫೈಗೆ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್ ಇತ್ತು. ಅದನ್ನು ಗೇಟಿನ ಕೋಣೆಯ ಕ್ಯಾಲೆಂಡರಿನ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು. ಎದುರಿನ ಚಹಾ ಅಂಗಡಿಗೆ ಬರುವವರಿಗೆಲ್ಲ ಅದು ಬಾಯಿಪಾಠ. ಹಿಂದಿನ ವರ್ಷ ಒಂದು ಮಧ್ಯಾಹ್ನ, ಅಲ್ಲಿ ಕುಳಿತ ಯಾವನೋ ಫೋನಿನಲ್ಲಿ ಏನನ್ನೋ ಒತ್ತಲು ಹೋಗಿ, ಕ್ಲೋರಿನ್ ಸೇರಿಸುವ ಪಂಪನ್ನೇ ನಿಲ್ಲಿಸಿಬಿಟ್ಟ. ಅದು ಯಾರಿಗೂ ತಿಳಿಯಲಿಲ್ಲ, ನೀರಕ್ಕನೊಬ್ಬಳಿಗೆ ಬಿಟ್ಟು. ಗುಳಿಗೆ ಹಾಕಿ ಅಲುಗಾಡಿಸಿದರೆ ನಸುಗೆಂಪಾಗಬೇಕಾದ ನೀರು ಅವಳ ಗಾಜಿನ ಕೊಳವೆಯಲ್ಲಿ ಬಿಳಿಯಾಗಿಯೇ ಉಳಿಯಿತು. ಅದೇ ಕೊಳವೆಯನ್ನು ಹಿಡಿದುಕೊಂಡು ಅವಳು ತಮ್ಮನ ಕೋಣೆಗೆ ಬಂದಳು.

“ನೋಡೋ ಇಲ್ಲಿ. ನೀನು ಇಟ್ಟ ಬಾಗಿಲಿಗೆ ಚಿಲಕವೇ ಇಲ್ಲ. ಊರಿನ ಮಕ್ಕಳು ಕುಡಿಯೋ ನೀರಪ್ಪ ಇದು. ನಾಳೆ ದೇವರು ಕೇಳಿದ್ರೆ ಏನು ಹೇಳ್ತೀಯ, ಪಾಸ್‌ವರ್ಡು ಕ್ಯಾಲೆಂಡರಲ್ಲಿತ್ತು ಅಂತೀಯಾ?”

ಮೇಷ್ಟ್ರು ಮೂರು ವಾರ ಕುಳಿತು ಚಿಲಕ ಹಾಕಿದರು. ಗೋಡೆಯ ಮೇಲಿನ ಆರು ವೈಫೈ ಪೆಟ್ಟಿಗೆಗಳಿಂದಲೂ ಹಳೆಯ ಪಾಸ್‌ವರ್ಡನ್ನು ಕಿತ್ತುಹಾಕಿದರು. ಯಾವ ತಂತಿಯೂ ತಾಗದ ಹಳೆಯ ಕಂಪ್ಯೂಟರೊಂದರಲ್ಲಿ ಘಟಕದ ಮೂಲ ಪ್ರಮಾಣಪತ್ರವನ್ನು ತಯಾರಿಸಿ, ಕಂಪ್ಯೂಟರನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಮೂಲದ ಸಹಿ ಹೊತ್ತ ಒಂದೊಂದು ಪ್ರಮಾಣಪತ್ರವನ್ನು, ಗುರುತಿನ ಚೀಟಿಯಂತೆ, ಒಂದೊಂದು ಟ್ಯಾಬಿಗೂ ಫೋನಿಗೂ ಅದನ್ನು ಬಳಸುವವರ ಹೆಸರಿನಲ್ಲಿ ಕೊಟ್ಟರು. ಯಾರಾದರೂ ವೈಫೈ ಹತ್ತಲು ಬಂದರೆ ಗೋಡೆಯ ಪೆಟ್ಟಿಗೆ ತಾನೇ ನಿರ್ಧರಿಸುವುದಿಲ್ಲ. ಒಳಗಿರುವ ಸರ್ವರನ್ನು ಕೇಳುತ್ತದೆ. ಸರ್ವರು ಪ್ರಮಾಣಪತ್ರವನ್ನು ಬಿಡಿಸಿ ನೋಡುತ್ತದೆ: ನಮ್ಮ ಸಹಿಯೇ? ರದ್ದಾದವರ ಪಟ್ಟಿಯಲ್ಲಿದೆಯೇ? ಇಂದಿನ ತಾರೀಖಿಗೆ ಚಾಲ್ತಿಯಲ್ಲಿದೆಯೇ? ಮೂರಕ್ಕೂ ಉತ್ತರ ಸರಿಯಿದ್ದರೆ ಬಾಗಿಲು ತೆರೆಯುತ್ತದೆ. ಹೊರಗಿನ ಪ್ರಪಂಚಕ್ಕೂ ಆ ಸರ್ವರಿಗೂ ಸಂಬಂಧವೇ ಬೇಡವೆಂದು ಅದರ ಗಡಿಯಾರವನ್ನು ಸಹ ಮೇಷ್ಟ್ರೇ ಕೈಯಾರೆ ಹೊಂದಿಸುತ್ತಿದ್ದರು.

ಕೊನೆಗೆ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ನಾಲ್ಕನೆಯ ನಿಯಮ: ‘ಕೆಲಸ ಬಿಟ್ಟವರ, ತೀರಿಕೊಂಡವರ ಪ್ರಮಾಣಪತ್ರವನ್ನು ಅಂದೇ ರದ್ದು ಮಾಡತಕ್ಕದ್ದು.’ ಅಕ್ಕ ಅದನ್ನು ಓದಿ ನಕ್ಕಿದ್ದಳು. “ತೀರಿಕೊಂಡೋರು ಎದ್ದು ಬಂದು ನಿನ್ನ ವೈಫೈ ಕದೀತಾರೇನೋ?”

ಆ ನಗು ಈಗ ಮೇಷ್ಟ್ರ ಎದೆಗೆ ಮುಳ್ಳಿನಂತೆ ಚುಚ್ಚಿತು.

ಅವರು ನೇರವಾಗಿ ಪ್ರಯೋಗಾಲಯಕ್ಕೆ ನಡೆದರು. ಏಪ್ರಿಲ್ ಹತ್ತರಿಂದ ಅಕ್ಕನ ಜಾಗದಲ್ಲಿ ಬದಲಿಯಾಗಿ ಕೆಲಸ ಮಾಡುತ್ತಿದ್ದ ಹೆಂಗಸು ತೊಟ್ಟಿಯ ನೀರನ್ನು ಕೊಳವೆಗೆ ತುಂಬಿಸುತ್ತಿದ್ದಳು. ಮೇಷ್ಟ್ರ ಮುಖ ಕಂಡು ಕೊಳವೆಯನ್ನು ಕೆಳಗಿಟ್ಟಳು. ಅವಳ ಪಕ್ಕದಲ್ಲಿ ಅಕ್ಕನ ಟ್ಯಾಬು ಇತ್ತು, ಮೂಲೆಯಲ್ಲಿ ಸೀಳಿದ ಗಾಜು, ಹಿಂಬದಿಗೆ ಅಕ್ಕ ಸುತ್ತಿದ್ದ ಹಸಿರು ಪಟ್ಟಿ.

“ಇದರಲ್ಲೇ ಬರೀತಿದ್ದೀಯಾ ಇನ್ನೂ?”

“ಮತ್ತೇನು ಮಾಡ್ಲಿ ಮೇಷ್ಟ್ರೇ? ಬದಲಿಯೋರಿಗೆ ಬೇರೆ ಟ್ಯಾಬು ಕೊಡಲ್ಲ ಅಂದ್ರು ಇಂಜಿನಿಯರ್ ಸಾಹೇಬರು. ಇದು ಹೇಗೂ ಓಡ್ತಿದೆಯಲ್ಲ ಅಂದ್ರು.”

“ಏಪ್ರಿಲಲ್ಲಿ ನೀನು ಬಂದಾಗ ಟ್ಯಾಬು ಓಡ್ತಿತ್ತಾ? ಆಗ ಎಲ್ಲಾ ನಿಂತುಹೋಗಿ ಕಾಗದದಲ್ಲಿ ಬರೆದ್ರು ಅಂತ ಕೇಳಿದ್ದೆ.”

ಅವಳು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು. “ಓಡ್ತಿತ್ತು. ಆದ್ರೆ ತಾರೀಖು ಮಾರ್ಚ್ ಅಂತ ತೋರಿಸ್ತಿತ್ತು. ಹೋಗಿ ಕೇಳಿದೆ. ‘ಗಡಿಯಾರ ಸ್ವಲ್ಪ ಹಿಂದಿದೆ, ಆಯ್ತು ಬಿಡಿ’ ಅಂದ್ರು. ಆ ದಿನಗಳಲ್ಲಿ ಕ್ಲೋರಿನ್ನೂ ಕಮ್ಮಿ ಬರ್ತಿತ್ತು, ಸೊನ್ನೆ ಬಿಂದು ಐದು ಬರ್ಬೇಕಾದ ಕಡೆ ಸೊನ್ನೆ ಬಿಂದು ಒಂದು. ಬಂದಿದ್ದನ್ನೇ ಬರೆದೆ, ದೇವರಾಣೆ. ನನ್ನ ಹೆಸರು ಎಲ್ಲೂ ಹೇಳ್ಬೇಡಿ ಮೇಷ್ಟ್ರೇ, ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ.”

ಮೇಷ್ಟ್ರು ಅಲ್ಲೇ ಇದ್ದ ಮುಕ್ಕಾಲಿಯ ಮೇಲೆ ಕುಳಿತರು. ನಡೆದದ್ದೆಲ್ಲ ಒಂದೊಂದಾಗಿ ಕಣ್ಣಿಗೆ ಕಟ್ಟಿತು. ಪಂಪಿನ ಮನೆಯ ಹನ್ನೆರಡು ಟ್ಯಾಬುಗಳ ಪ್ರಮಾಣಪತ್ರ ಏಪ್ರಿಲ್ ಹತ್ತಕ್ಕೆ ಮುಗಿಯುವುದಿತ್ತು. ಮೊದಲ ವಾರದಲ್ಲೇ ಹೊಸದು ಮಾಡಬೇಕೆಂದು ಅವರು ಗುರುತು ಹಾಕಿಕೊಂಡಿದ್ದರು. ಮೂರರಂದು ಅಕ್ಕ ಹೋದಳು. ಇವರು ಒಂದು ತಿಂಗಳು ರಜೆ ಹಾಕಿದರು. ಗುರುತು ಗುರುತಾಗಿಯೇ ಉಳಿಯಿತು. ಹತ್ತರಂದು ಬೆಳಗ್ಗೆ ಸರ್ವರು ಹನ್ನೆರಡನ್ನೂ ಬಾಗಿಲಲ್ಲೇ ನಿಲ್ಲಿಸಿತು. ಆಪತ್ತಿಗೆ ಇರಲೆಂದು ಸರ್ವರಿನ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು, ಅರಗು ಹಾಕಿ, ಮೇಲೆ ‘ತೆರೆಯುವ ಮೊದಲು ನನಗೆ ಫೋನ್ ಮಾಡಿ’ ಎಂದು ಬರೆದು ಸಾಹೇಬರ ಕೈಗೆ ಕೊಟ್ಟದ್ದೂ ಇವರೇ. ಸಾಹೇಬರು ಫೋನ್ ಮಾಡಲಿಲ್ಲ. ಲಕೋಟೆ ಒಡೆದರು. ಮುಗಿದ ಪ್ರಮಾಣಪತ್ರ ಚಾಲ್ತಿಗೆ ಬರಬೇಕೆಂದರೆ ತಾರೀಖನ್ನು ಹಿಂದಕ್ಕೆ ತಳ್ಳಿದರೆ ಸಾಕೆಂಬ ಬುದ್ಧಿ ಯಾರಿಗೋ ಹೊಳೆಯಿತು. ಏಪ್ರಿಲ್ ಹತ್ತು ಮಾರ್ಚ್ ಹತ್ತಾಯಿತು. ಸರ್ವರಿನ ತಾರೀಖನ್ನೇ ಹಿಡಿಯುವ ಟ್ಯಾಬುಗಳು ಓಡಿದವು. ಮೇಷ್ಟ್ರು ಬರುವ ಮುನ್ನ, ಮೇ ಒಂದರ ಸಂಜೆ, ಗಡಿಯಾರವನ್ನು ಸದ್ದಿಲ್ಲದೆ ಸರಿಮಾಡಿ ‘ಎಲ್ಲಾ ನಿಂತುಹೋಗಿತ್ತು’ ಎಂದುಬಿಟ್ಟರು.

ಅಕ್ಕನ ಟ್ಯಾಬು ತಡವಾಗಿ ಕೊಂಡದ್ದು; ಅದರ ಪ್ರಮಾಣಪತ್ರಕ್ಕೆ ಜುಲೈವರೆಗೆ ಆಯಸ್ಸಿತ್ತು. ಹಾಗಾಗಿ ಅಕ್ಕ ಹೋದ ಮೇಲಿನ ಇಪ್ಪತ್ತೆರಡು ದಿನದ ಕೆಟ್ಟ ನೀರು, ಅಕ್ಕ ಬದುಕಿದ್ದ ಇಪ್ಪತ್ತೆರಡು ದಿನದ ಮೇಲೆ, ಅಕ್ಕನ ಹೆಸರಿನಲ್ಲೇ ಹೋಗಿ ಬಿದ್ದಿತ್ತು.

ಮೇಷ್ಟ್ರು ಎದ್ದು ಸಾಹೇಬರ ಕೋಣೆಗೆ ಹೋದರು. ಮುಖ್ಯ ಇಂಜಿನಿಯರರಿಗೆ ‘ಆಯ್ತುಬಿಡಿ ಸಾಹೇಬರು’ ಎಂದು ಹೆಸರು. ಪೈಪು ಒಡೆದರೂ ಆಯ್ತು ಬಿಡಿ, ಮೋಟಾರು ಸುಟ್ಟರೂ ಆಯ್ತು ಬಿಡಿ. ಆ ಮಾತಿಗೆ ಘಟಕದವರೆಲ್ಲ ನಗುತ್ತಿದ್ದರು. ಮೇಷ್ಟ್ರಿಗೆ ಅಂದು ನಗು ಬರಲಿಲ್ಲ.

“ಸಾರ್, ಗಡಿಯಾರ ಹಿಂದಕ್ಕೆ ತಿರುಗಿಸಿದ್ರಾ?”

ಸಾಹೇಬರು ಕೈಲಿದ್ದ ಫೋನನ್ನು ಮೆಲ್ಲಗೆ ಕೆಳಗಿಟ್ಟರು. “ಬಾಗಿಲು ಹಾಕಿ ಮೇಷ್ಟ್ರೇ. ಕೂತ್ಕೊಳ್ಳಿ.”

“ನಿಂತೇ ಇರ್ತೀನಿ.”

“ಊರಿಗೆ ನೀರು ನಿಲ್ಲಿಸೋಕಾಗುತ್ತಾ? ನೀವು ನೋಡಿದ್ರೆ ರಜೆ. ದುಃಖದ ಮನೆಗೆ ಫೋನ್ ಮಾಡಬಾರದು ಅಂತ ನಾನೇ ಹೇಗೋ ಸಂಭಾಳಿಸ್ದೆ.”

“ದುಃಖದ ಮನೆಗೆ ಫೋನ್ ಮಾಡಬಾರದು. ಆ ಮನೆಯ ಹೆಸರಿಗೆ ಮಸಿ ಬಳಿಯಬಹುದು. ಅಲ್ವಾ ಸಾರ್?”

“ಮಸಿ ಬಳಿಬೇಕು ಅಂತ ಯಾರು ಮಾಡಿದ್ರು? ಆ ಮೇಡಂ ಬಂದು ಏಪ್ರಿಲ್ ಖಾಲಿ ಯಾಕೆ, ಮಾರ್ಚಲ್ಲಿ ಎರಡೆರಡು ಯಾಕೆ ಅಂದಾಗಲೇ ನನಗೂ ಹೊಳೆದಿದ್ದು.”

“ಹೊಳೆದ ಮೇಲೆ ಹೇಳಬಹುದಿತ್ತಲ್ಲ.”

ಸಾಹೇಬರು ಮುಂದಕ್ಕೆ ಬಾಗಿ, ಬುದ್ಧಿ ಹೇಳುವ ದನಿ ತೆಗೆದರು. “ಮೇಷ್ಟ್ರೇ, ಶಾಂತವಾಗಿ ಯೋಚನೆ ಮಾಡಿ. ಹೋದವರಿಗೆ ಯಾವ ಶಿಕ್ಷೆ ಇದೆ? ಯಾರೂ ಏನೂ ಮಾಡೋಕಾಗಲ್ಲ. ವರದಿ ಹೋಗಿ ಯಾವುದೋ ಕಪಾಟು ಸೇರುತ್ತೆ, ಆಯ್ತು ಬಿಡಿ. ಅದೇ ಬದುಕಿರೋರ ಮೇಲೆ ಬಂದ್ರೆ ನನ್ನ ಕುತ್ತಿಗೆಗೆ ಬರುತ್ತೆ. ನಿಮ್ಮ ಕುತ್ತಿಗೆಗೂ ಬರುತ್ತೆ. ನಿಮ್ಮ ನಾಲ್ಕನೇ ನಿಯಮ ಗೋಡೆ ಮೇಲೆ ಇನ್ನೂ ಇದೆ. ತೀರಿಕೊಂಡೋರ ಸರ್ಟಿಫಿಕೇಟು ಅಂದೇ ರದ್ದು. ಮೂರು ತಿಂಗಳಾಯ್ತು. ಮಾಡಿದ್ರಾ?”

ಮೇಷ್ಟ್ರು ಮಾಡಿರಲಿಲ್ಲ. ರಜೆ ಮುಗಿಸಿ ಬಂದಂದಿನಿಂದ ಎಷ್ಟೋ ಸಲ ಆ ಪಟ್ಟಿಯನ್ನು ತೆರೆದಿದ್ದರು. ಅಕ್ಕನ ಹೆಸರು, ಅದರ ಮುಂದೆ ಹಸಿರು ಅಕ್ಷರದಲ್ಲಿ ‘ಚಾಲ್ತಿಯಲ್ಲಿದೆ’. ಬೆರಳು ಗುಂಡಿಯವರೆಗೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಇಡೀ ಪ್ರಪಂಚದಲ್ಲಿ ಅದೊಂದು ಕಡೆ ಅಕ್ಕ ಇನ್ನೂ ಇದ್ದಳು. ಅಳಿಸುವುದಕ್ಕೆ ಮನಸ್ಸು ಬರಲಿಲ್ಲ. ತಾವು ಹಾಗೆ ಬಾಚಿ ತಬ್ಬಿಕೊಂಡಿದ್ದ ಆ ಹೆಸರನ್ನು ಸಾಹೇಬರು ಕೈ ಒರೆಸುವ ಬಟ್ಟೆ ಮಾಡಿಕೊಂಡಿದ್ದರು.

“ಆಯ್ತು ಬಿಡಿ ಮೇಷ್ಟ್ರೇ, ಮನೆಗೆ ಹೋಗಿ,” ಎಂದರು ಸಾಹೇಬರು.

ಮನೆಯಲ್ಲಿ ಹೆಂಡತಿ ಅಕ್ಕನ ಕೋಣೆಯ ಕಿಟಕಿ ಒರೆಸುತ್ತಿದ್ದಳು. ಗೋಡೆಯ ಹಲಗೆಯ ಮೇಲೆ ಅಕ್ಕನ ನೀಲಿ ಪುಸ್ತಕಗಳಿದ್ದವು, ವರ್ಷಕ್ಕೊಂದರಂತೆ ಮೂವತ್ತೆಂಟು. ಟ್ಯಾಬು ಬಂದ ಮೇಲೂ ಅಕ್ಕ ಬೆಳಗಿನ ಅಳತೆಯನ್ನು ಮೊದಲು ಪುಸ್ತಕದಲ್ಲಿ ಬರೆದು, ಆಮೇಲೆ ಯಂತ್ರಕ್ಕೆ ಹಾಕುತ್ತಿದ್ದಳು. ಮೇಷ್ಟ್ರು ಕೊನೆಯದನ್ನು ತೆಗೆದು ಮಾರ್ಚ್ ತಿಂಗಳ ಪುಟ ಬಿಡಿಸಿದರು. ದುಂಡಗಿನ ಅಕ್ಷರ. ಸೊನ್ನೆ ಬಿಂದು ಐದು. ಸೊನ್ನೆ ಬಿಂದು ಐದು. ಸೊನ್ನೆ ಬಿಂದು ಆರು. ನಿಂತುಕೊಂಡೇ ಎಲ್ಲವನ್ನೂ ಹೆಂಡತಿಗೆ ಹೇಳಿದರು.

ಅವಳು ಒದ್ದೆ ಬಟ್ಟೆಯನ್ನು ಹಿಂಡುತ್ತ ಕೇಳಿಸಿಕೊಂಡಳು. “ಈ ಪುಸ್ತಕ ತೋರಿಸಿದ್ರೆ ಸಾಲದಾ?”

“ಆರೋಪ ಬಂದಿರೋಳೇ ಬರೆದ ಪುಸ್ತಕ. ಸಾಕ್ಷಿ ಅಲ್ಲ ಅಂತಾರೆ ಆ ಮೇಡಂ. ಅವರದ್ದೂ ತಪ್ಪಲ್ಲ.”

“ಗಡಿಯಾರ ತಿರುಗಿಸಿದ್ದು ನಿಮ್ಮ ಯಂತ್ರದಲ್ಲಿ ಬರೆದಿರಲ್ವಾ?”

“ಬರೆದಿರುತ್ತೆ. ಆದ್ರೆ ಬಾಯಿಬಿಟ್ರೆ ನನ್ನ ತಪ್ಪೂ ಹೊರಗೆ ಬರುತ್ತೆ. ಅಕ್ಕನ ಪತ್ರ ನಾನು ರದ್ದು ಮಾಡಿದ್ದಿದ್ರೆ ಅವಳ ಹೆಸರು ಯಾರ ಕೈಗೂ ಸಿಕ್ತಿರಲಿಲ್ಲ.”

“ಬರ್ಲಿ ಹೊರಗೆ!” ಎಂದಳು ಹೆಂಡತಿ. ಬಟ್ಟೆಯನ್ನು ಬಕೆಟ್ಟಿಗೆ ಎಸೆದ ರಭಸಕ್ಕೆ ನೀರು ಅವರ ಕಾಲಿಗೆ ಸಿಡಿಯಿತು. “ರೀ, ನಾನು ಈ ಮನೆಗೆ ಬಂದ ಮೊದಲನೇ ದಿನ ಅತ್ತಿಗೆ ನನಗೆ ಹೇಳಿದ್ದೇನು ಗೊತ್ತಾ? ‘ಇವನು ಒಳ್ಳೆಯೋನೇ ಕಣಮ್ಮ, ಆದ್ರೆ ಕೋಪ ಬರಬೇಕಾದಾಗ ಬರಲ್ಲ’ ಅಂದ್ರು. ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀನಿ. ಅನ್ನ ಹೊತ್ತಿದ್ರೆ ಕೋಪ, ಚಪ್ಪಲಿ ಕಾಣದಿದ್ರೆ ಕೋಪ. ಈಗ ಬೇಕಾಗಿದೆ, ಈಗೆಲ್ಲಿ ಹೋಯ್ತು?”

ಮೇಷ್ಟ್ರು ದೇವರ ಮುಂದೆ ಸ್ವಲ್ಪ ಹೊತ್ತು ಕುಳಿತರು. ಏನನ್ನೂ ಬೇಡಲಿಲ್ಲ. ಬೇಡಿಕೊಳ್ಳುವುದಕ್ಕೆ ಬದಲಾಗಿ ದೇವರನ್ನೇ ಕೇಳಿದರು: ಮೂವತ್ತೆಂಟು ವರ್ಷ ಒಂದು ದಿನ ತಪ್ಪದೆ ನಿನ್ನ ಮಕ್ಕಳ ನೀರು ನೋಡಿದಳು, ಅವಳಿಗೆ ನೀನು ಬರೆಸುವ ಕೊನೆಯ ಸಾಲು ಇದೇನೋ? ಹಾಗೆ ಕೇಳಿದ ಮೇಲೆ ತಮಗೇ ಭಯವಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗುರುವಾರ ಬೆಳಗ್ಗೆ ಎಂಟಕ್ಕೆಲ್ಲ ಸರ್ವರಿನ ಮುಂದೆ ಕುಳಿತರು. ಬಾಗಿಲಿಗೆ ಬಂದವರು ಯಾರು, ಒಳಗೆ ಬಿಟ್ಟದ್ದು ಯಾರನ್ನು, ತಿರುಗಿಸಿ ಕಳಿಸಿದ್ದು ಯಾರನ್ನು ಎಂದು ಅದು ದಿನಕ್ಕೊಂದು ಕಡತದಲ್ಲಿ ಬರೆದಿಡುತ್ತದೆ. ಮಾರ್ಚ್ ಹತ್ತರ ಕಡತದಲ್ಲಿ ರಾತ್ರಿ ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷದ ಸಾಲಿನ ಕೆಳಗೆ ಮತ್ತೆ ಬೆಳಗಿನ ಒಂಬತ್ತು ನಲವತ್ತು ಬಂದಿತ್ತು. ಒಂದೇ ದಿನಕ್ಕೆ ಎರಡು ಬೆಳಗು. ಹನ್ನೊಂದಕ್ಕೂ ಹಾಗೇ, ಹನ್ನೆರಡಕ್ಕೂ ಹಾಗೇ. ಸಾಲದೆಂದು ಅವರಿಗೆ ಗೊತ್ತಿತ್ತು. ಸಾಹೇಬರ ಉತ್ತರ ಈಗಲೇ ಕಿವಿಗೆ ಕೇಳಿಸುತ್ತಿತ್ತು: ‘ಮೇಷ್ಟ್ರ ಯಂತ್ರ ಕಲಸುಮೇಲೋಗರ ಮಾಡಿದೆ, ಆಯ್ತು ಬಿಡಿ.’ ಯಂತ್ರದ ಮೇಲೆ ಬಂದದ್ದು ಕೊನೆಗೆ ಅಕ್ಕನ ತಲೆಗೇ ಬರುತ್ತದೆ.

ಹನ್ನೊಂದು ಗಂಟೆಯವರೆಗೆ ಸಾಲು ಸಾಲಾಗಿ ಓದಿದರು. ಎರಡನೆಯ ಬೆಳಗುಗಳಲ್ಲೆಲ್ಲ ಯಾವುದೋ ಒಂದು ಸಾಧನ ಮತ್ತೆಮತ್ತೆ ಬಾಗಿಲು ತಟ್ಟಿ ವಾಪಸಾಗಿತ್ತು. ದಿನಕ್ಕೆ ನಲವತ್ತು ಸಲ, ಐವತ್ತು ಸಲ. ಮೊದಲು ಅದನ್ನು ನೊಣ ಅಟ್ಟಿದಂತೆ ಅಟ್ಟಿ ಮುಂದಕ್ಕೆ ಹೋಗುತ್ತಿದ್ದರು. ಆಮೇಲೆ ಕಾರಣದ ಅಂಕಣದ ಮೇಲೆ ಕಣ್ಣು ನಿಂತಿತು. ‘ಅವಧಿ ಮುಗಿದಿದೆ’ ಎಂದಿರಲಿಲ್ಲ. ‘ಇನ್ನೂ ಜಾರಿಗೆ ಬಂದಿಲ್ಲ’ ಎಂದಿತ್ತು.

ಮೇಷ್ಟ್ರು ಆ ಸಾಧನದ ಹೆಸರನ್ನು ಓದಿದರು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಓದಿದರು. ಎದ್ದು ಕಬ್ಬಿಣದ ಬೀರುವಿನ ಬೀಗ ತೆಗೆದು, ಪ್ರಮಾಣಪತ್ರ ಕೊಟ್ಟಾಗ ಸಹಿ ಹಾಕಿಸಿಕೊಳ್ಳುವ ದಪ್ಪ ಪುಸ್ತಕವನ್ನು ಹೊರಗೆ ತೆಗೆದರು. ಬೇಕಾದ ಸಾಲು ಸಿಕ್ಕಿತು. ಅದರ ಮೇಲೆ ಅಂಗೈ ಇಟ್ಟರು.

ಶುಕ್ರವಾರ ಪರಿಶೋಧಕಿಯ ಮೇಜಿನ ಮೇಲೆ ಶಾಯಿಯ ಪೆನ್ನು ಬಂದಿತ್ತು. ಸಾಹೇಬರು ಎದುರಿಗೆ ಕುಳಿತಿದ್ದರು. ಮೇಷ್ಟ್ರು ಕಡತಗಳ ಪ್ರತಿಯನ್ನು ಮುಂದಿಟ್ಟು ಎರಡು ಬೆಳಗಿನ ದಿನಗಳನ್ನು ತೋರಿಸಿದರು.

“ಯಂತ್ರದ ಗೊಂದಲ ಮೇಡಂ,” ಎಂದರು ಸಾಹೇಬರು, ಮೇಷ್ಟ್ರು ಎಣಿಸಿದಂತೆಯೇ. “ನಾನು ಹೇಳಬಾರದು, ಆದ್ರೆ ಇವರು ಹಾಕಿದ ಈ ಏರ್ಪಾಡೇ ಸರಿಯಿಲ್ಲ. ನನ್ನ ಹೊಸ ಫೋನು, ಇವರೇ ಸರ್ಟಿಫಿಕೇಟು ಹಾಕಿಕೊಟ್ಟಿದ್ದು. ಇವರು ರಜೆ ಹೋದ ಮೇಲೆ ಹದಿನೈದು ದಿನ ವೈಫೈ ಹಿಡೀಲೇ ಇಲ್ಲ. ಆಮೇಲೆ ತನ್ನಷ್ಟಕ್ಕೆ ಹಿಡೀತು. ಇದು ಯಂತ್ರಾನಾ?”

“ಯಾವ ಹದಿನೈದು ದಿನ ಸಾರ್?” ಎಂದು ಕೇಳಿದರು ಮೇಷ್ಟ್ರು.

“ಏಪ್ರಿಲ್ ಹತ್ತರಿಂದ ಇಪ್ಪತ್ತನಾಲ್ಕು. ಬಂದ ದಿನವೇ ನಿಮಗೆ ದೂರು ಹೇಳಿರಲಿಲ್ವಾ?”

“ಹೇಳಿದ್ರಿ. ಮೇಡಂ, ದಯವಿಟ್ಟು ಅದನ್ನ ಬರ್ಕೊಳ್ಳಿ. ಪೆನ್ಸಿಲಲ್ಲೇ ಆಗ್ಲಿ.”

ಪರಿಶೋಧಕಿ ಬರೆದುಕೊಂಡರು. ಮೇಷ್ಟ್ರು ದಪ್ಪ ಪುಸ್ತಕವನ್ನು ಬಿಡಿಸಿದರು. “ಸಾಹೇಬರ ಫೋನಿಗೆ ಸರ್ಟಿಫಿಕೇಟು ಕೊಟ್ಟಿದ್ದು ಮಾರ್ಚ್ ಇಪ್ಪತ್ತೈದು. ಇದು ಸಾಹೇಬರದೇ ಸಹಿ. ಅದಕ್ಕೂ ಹಿಂದಿನ ದಿನ ಆ ಫೋನನ್ನೇ ಅವರು ಕೊಂಡಿರಲಿಲ್ಲ. ಈಗ ಈ ಕಡತ ನೋಡಿ. ಮಾರ್ಚ್ ಹತ್ತು, ಎರಡನೇ ಬೆಳಗು. ಇದೇ ಫೋನು ನಲವತ್ತಮೂರು ಸಲ ಬಾಗಿಲು ತಟ್ಟಿದೆ. ಸರ್ವರು ‘ಇನ್ನೂ ಜಾರಿಗೆ ಬಂದಿಲ್ಲ’ ಅಂತ ವಾಪಸು ಕಳಿಸಿದೆ. ಮಾರ್ಚ್ ಇಪ್ಪತ್ತನಾಲ್ಕರವರೆಗೆ ಹೀಗೇ, ಹದಿನೈದು ದಿನ. ಇಪ್ಪತ್ತೈದಕ್ಕೆ ತನ್ನಷ್ಟಕ್ಕೆ ಒಳಗೆ ಬಿಟ್ಟಿದೆ. ಮೇಡಂ, ಇಪ್ಪತ್ತೈದರಂದು ಹುಟ್ಟಿದ ಕೂಸು ಹತ್ತರಂದು ಬಂದು ಬಾಗಿಲು ಹೇಗೆ ತಟ್ಟುತ್ತೆ?”

ಪರಿಶೋಧಕಿ ಬೆರಳು ಮಡಿಸಿ ಎಣಿಸಿದರು. ಏಪ್ರಿಲ್ ಹತ್ತರಿಂದ ಇಪ್ಪತ್ತನಾಲ್ಕು, ಹದಿನೈದು. ಮಾರ್ಚ್ ಹತ್ತರಿಂದ ಇಪ್ಪತ್ತನಾಲ್ಕು, ಹದಿನೈದು. ಮತ್ತೊಮ್ಮೆ ಎಣಿಸಿ, ಸಾಹೇಬರ ಕಡೆ ನೋಡಿದರು.

“ಗಡಿಯಾರ ಹಿಂದಿತ್ತಾ?”

“ಅದು... ನೀರು ನಿಲ್ಲಬಾರದು ಅಂತ...” ಎಂದು ಸಾಹೇಬರು ತಡವರಿಸಿದರು. ಆಯ್ತು ಬಿಡಿ ಎನ್ನುವ ಮಾತು ತುಟಿಯವರೆಗೆ ಬಂದು ಅಲ್ಲೇ ಒಣಗಿತು.

“ಏಪ್ರಿಲಲ್ಲಿ ಲ್ಯಾಬಲ್ಲಿದ್ದವರನ್ನ ಕರೀರಿ.”

ಬದಲಿ ಪರೀಕ್ಷಕಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಸಾಹೇಬರನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಕಣ್ಣು ತಗ್ಗಿಸಿಕೊಂಡರು. ಅವಳ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ.

“ಕಮ್ಮಿ ಬಂದ ಅಳತೆ ನಂದು ಮೇಡಂ,” ಎಂದಳು ಅವಳು. “ಏಪ್ರಿಲಿಂದು. ಟ್ಯಾಬಲ್ಲಿ ಮಾರ್ಚ್ ಅಂತ ಬರ್ತಿತ್ತು. ನೀರಕ್ಕನ್ನ ನಾನು ನೋಡೇ ಇಲ್ಲ. ಅವರ ಮುಕ್ಕಾಲಿ ಮೇಲೆ ಕೂತಿರ್ತೀನಿ, ಅಷ್ಟೇ. ಅವರ ಮೇಲೆ ಹಾಕಬೇಡಿ.”

ಪರಿಶೋಧಕಿ ಏಳನೆಯ ಪುಟದ ಆ ಸಾಲನ್ನು ರಬ್ಬರಿನಿಂದ ಉಜ್ಜಿದರು. ಅದು ಹೋಗುವವರೆಗೆ ಉಜ್ಜಿ, ಪುಡಿಯನ್ನು ಊದಿ, ಮೇಷ್ಟ್ರ ಕಡೆ ತಿರುಗಿದರು.

“ಒಂದು ಉಳೀತು. ತೀರಿಕೊಂಡವರ ಸರ್ಟಿಫಿಕೇಟು ಇವತ್ತಿನವರೆಗೂ ಚಾಲ್ತಿಯಲ್ಲಿ ಯಾಕಿದೆ?”

“ನಾನು ರದ್ದು ಮಾಡ್ಲಿಲ್ಲ.”

“ಯಾಕೆ?”

“ಮನಸ್ಸು ಬರ್ಲಿಲ್ಲ ಮೇಡಂ.”

“ಮನಸ್ಸು ಬರ್ಲಿಲ್ಲ ಅಂತ ವರದಿಯಲ್ಲಿ ಬರಿಯೋಕಾಗಲ್ಲ.”

“ಕರ್ತವ್ಯಲೋಪ ಅಂತ ಬರೀರಿ. ಅದು ನಿಜ. ನನ್ನ ಹೆಸರಲ್ಲಿ ಬರೀರಿ, ಶಾಯಿಯಲ್ಲೇ ಬರೀರಿ. ಆದರೆ ಒಂದು ಮಾತು.” ಮೇಷ್ಟ್ರ ದನಿ ಏರಿತು, ಹೊರಗೆ ಗೇಟಿನವನು ತಿರುಗಿ ನೋಡಿದ. “ನಾನು ಬಾಗಿಲು ಹಾಕೋದು ಮರೆತೆ. ನಿಜ. ಆದ್ರೆ ತೆರೆದ ಬಾಗಿಲಲ್ಲಿ ಸತ್ತವಳ ಸೀರೆ ಉಟ್ಟುಕೊಂಡು ಓಡಾಡಿದ್ರಲ್ಲ, ಅದಕ್ಕೇನು ಹೆಸರಿಟ್ಟಿದ್ದಾರೆ ನಿಮ್ಮ ಪುಸ್ತಕದಲ್ಲಿ? ಊರಿಗೆ ಇಪ್ಪತ್ತೆರಡು ದಿನ ಕಮ್ಮಿ ಕ್ಲೋರಿನ್ ನೀರು ಕುಡಿಸಿ, ಅದನ್ನ ಬಾಯಿಲ್ಲದವಳ ತಲೆಗೆ ಕಟ್ಟಿ, ಹೋದವರಿಗೆ ಏನು ಶಿಕ್ಷೆ ಅಂತಾರೆ! ಹೋದವರಿಗೆ ಇರೋದು ಹೆಸರೊಂದೇ ಮೇಡಂ. ಅದನ್ನೂ ಬಿಡಲ್ಲ ಅಂದ್ರೆ ಇನ್ನೇನು ಬಿಡ್ತಾರೆ ಇವರು?”

ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಪರಿಶೋಧಕಿ ಪೆನ್ನಿನ ಮುಚ್ಚಳ ತೆಗೆದರು. ಗಡಿಯಾರದ ಸಂಗತಿಯನ್ನು ಸಾಹೇಬರ ಹೆಸರಿನಲ್ಲಿ, ಪ್ರಮಾಣಪತ್ರದ ಸಂಗತಿಯನ್ನು ಮೇಷ್ಟ್ರ ಹೆಸರಿನಲ್ಲಿ ಬರೆದರು. ಮೇಷ್ಟ್ರು ತಮ್ಮ ಸಾಲಿನ ಕೆಳಗೆ ಸಹಿ ಹಾಕಿದರು. ಸಾಹೇಬರು ಸಹಿ ಹಾಕುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಪರಿಶೋಧಕಿ ಖಾಲಿ ಲೋಟವೊಂದನ್ನು ಬದಲಿಯವಳ ಕಡೆ ಸರಿಸಿ, “ಇವತ್ತಿನ ನೀರು ಹೇಗಿದೆ?” ಎಂದು ಕೇಳಿದರು.

“ಸೊನ್ನೆ ಬಿಂದು ಐದು ಮೇಡಂ.”

“ಹಾಗಾದ್ರೆ ಸ್ವಲ್ಪ ತಂದುಕೊಡಿ.”

ಮಧ್ಯಾಹ್ನ ಮೇಷ್ಟ್ರು ತಮ್ಮ ಕೋಣೆಯಲ್ಲಿ ಪಟ್ಟಿಯನ್ನು ತೆರೆದರು. ಅಕ್ಕನ ಹೆಸರು, ಹಸಿರು ಅಕ್ಷರ. ರದ್ದು ಮಾಡುವ ಗುಂಡಿಯನ್ನು ಒತ್ತಿದರು. ಈ ಸಲ ಬೆರಳು ಹಿಂದಕ್ಕೆ ಬರಲಿಲ್ಲ. ಆದರೆ ಯಂತ್ರ ಒಪ್ಪಲಿಲ್ಲ. ಕಾರಣವೇ ಬೇಕೆಂದು ಒಂದು ಪಟ್ಟಿ ಮುಂದಿಟ್ಟಿತು. ಕೆಲಸ ನಿಂತಿದೆ. ಬೇರೆ ಕಡೆಗೆ ಹೋಗಿದ್ದಾರೆ. ಹೊಸದು ಕೊಡಲಾಗಿದೆ. ಕಾರಣ ತಿಳಿಸಿಲ್ಲ. ಸಾವು ಎಂಬುದೊಂದು ಅದರಲ್ಲಿರಲಿಲ್ಲ. ಯಂತ್ರ ಮಾಡಿದವರು ಆ ಮಾತನ್ನು ಯೋಚಿಸಿಯೇ ಇರಲಿಲ್ಲವೇನೋ.

ಮೇಷ್ಟ್ರು ಇಡೀ ಪಟ್ಟಿಯನ್ನು ಓದಿ ಇನ್ನೊಂದನ್ನು ಆರಿಸಿದರು: ‘ಕೀಲಿ ಪರರ ಕೈಸೇರಿದೆ.’

ಯಾವ ದಿನದಿಂದ ಇದನ್ನು ನಂಬಬಾರದು ಎಂದು ಯಂತ್ರ ಕೇಳಿತು. ಏಪ್ರಿಲ್ ಮೂರು ಎಂದು ಹಾಕಿದರು. ಅದಕ್ಕೂ ಹಿಂದಿನ ಪ್ರತಿಯೊಂದು ದಿನವೂ ಅಕ್ಕನದಾಗಿ ಉಳಿಯಿತು.

ಹಸಿರು ಅಕ್ಷರ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಬದಲಿ ಪರೀಕ್ಷಕಿ ಅಕ್ಕನ ಟ್ಯಾಬನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. “ಮೇಷ್ಟ್ರೇ, ಇದು ಹೊರಗೇ ನಿಂತುಬಿಡ್ತು. ಒಳಗೆ ಬಿಡ್ತಿಲ್ಲ.”

“ಬಿಡಲ್ಲ. ಇಲ್ಲಿಡಮ್ಮ ಅದನ್ನ.” ಅವರು ಟ್ಯಾಬನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬೀರುವಿನೊಳಗೆ ಇಟ್ಟರು. ಇನ್ನೊಂದು ಖಾನೆಯಿಂದ ಹೊಸ ಟ್ಯಾಬೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಗೋಡೆಯ ಗಡಿಯಾರ ನೋಡಿ, ಕೈಗಡಿಯಾರ ನೋಡಿ, ಸರ್ವರಿನ ತಾರೀಖನ್ನು ನೋಡಿದರು. ಆಮೇಲೆ ದಪ್ಪ ಪುಸ್ತಕದಲ್ಲಿ ಹೊಸ ಸಾಲೊಂದಕ್ಕೆ ಪೆನ್ನು ಊರಿದರು.

“ಈಗ ನಿನ್ನ ಪೂರ್ತಿ ಹೆಸರು ಹೇಳು,” ಎಂದರು. “ನಿಧಾನವಾಗಿ ಹೇಳು. ಒಂದಕ್ಷರವೂ ತಪ್ಪಬಾರದು.”

ಅವಳು ಹೇಳಿದಳು. ಮೇಷ್ಟ್ರು ಬರೆದುಕೊಂಡರು.